ಆರ್ಡರ್ ರದ್ದಾದ ಕತೆ ಮತ್ತು ಅದರಾಚೆಯ ಲೆಕ್ಕ: ಬಿಲ್ಲಿ ಲೀ ರೈಲಿ ಪ್ರಕರಣ

1957ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೆಂಫಿಸ್ ನಗರದ ಸನ್ ರೆಕಾರ್ಡ್ಸ್ ಕಂಪನಿ ತನ್ನ 277ನೇ ನಂಬರಿನ ಸಿಂಗಲ್ (ಬದಿಗೊಂದು ಹಾಡಿರುವ ಸಣ್ಣ ಡಿಸ್ಕ್) ಹೊರತಂದಿತು. ಹಾಡು ‘ರೆಡ್ ಹಾಟ್’. ಹಾಡಿದವನು ಆರ್ಕನ್ಸಾ ರಾಜ್ಯದ ಬಿಲ್ಲಿ ಲೀ ರೈಲಿ. ಇವತ್ತು ರಾಕಬಿಲ್ಲಿ (ಬಿಳಿಯರ ಕಂಟ್ರಿಗೆ ಕಪ್ಪು ಜನರ ಬ್ಲೂಸ್ ಬೆರೆತ ಆರಂಭದ ರಾಕ್ ಅಂಡ್ ರೋಲ್) ಕೇಳುವ ಯಾರನ್ನೇ ಕೇಳಿ, ಅವರ ಮೊದಲ ಹತ್ತು ಹಾಡುಗಳಲ್ಲಿ ಇದು ಇದ್ದೇ ಇರುತ್ತದೆ. ಆದರೆ ಆ ವರ್ಷ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಜನಪ್ರಿಯ ಹಾಡುಗಳ ರಾಷ್ಟ್ರೀಯ ಪಟ್ಟಿಗೆ ಅದು ಹತ್ತಲೇ ಇಲ್ಲ. ಸನ್‌ಗಾಗಿ ರೈಲಿ ಹಾಡಿದ ಇನ್ಯಾವ ಹಾಡೂ ಹತ್ತಲಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ. ಕಂಪನಿಯ ಯಜಮಾನ ಸ್ಯಾಮ್ ಫಿಲಿಪ್ಸ್ ‘ರೆಡ್ ಹಾಟ್’ಗೆ ಬಂದಿದ್ದ ಆರ್ಡರ್‌ಗಳನ್ನು ರದ್ದು ಮಾಡಿ, ಅದರ ಬದಲು ಕಂಪನಿಯ ಇನ್ನೊಬ್ಬ ಗಾಯಕ ಜೆರ್ರಿ ಲೀ ಲೂಯಿಸ್‌ನ ‘ಗ್ರೇಟ್ ಬಾಲ್ಸ್ ಆಫ್ ಫೈರ್’ ತೆಗೆದುಕೊಳ್ಳಿ ಎಂದು ವಿತರಕರಿಗೆ ಫೋನು ಮಾಡಿದ ಎನ್ನುವುದು. ಇದನ್ನು ಹೇಳಿದವನು ರೈಲಿಯೇ, ಅದೂ ಕೊನೆಯವರೆಗೂ. ಕತೆ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಐವತ್ತು ವರ್ಷದ ವೃತ್ತಿಜೀವನವನ್ನು ಒಂದು ಫೋನ್ ಕರೆಗೆ ಕಟ್ಟಿಹಾಕಿದರೆ ಲೆಕ್ಕ ಕೂಡಿಬರುವುದಿಲ್ಲ. ಹಾಡು ಯಾರ ಹೆಸರಿನಲ್ಲಿತ್ತು, ಡಿಸ್ಕ್ ಒತ್ತಿಸಲು ದುಡ್ಡು ಎಲ್ಲಿಂದ ಬರುತ್ತಿತ್ತು, ವಿತರಕ ಯಾವಾಗ ಬಾಕಿ ತೀರಿಸುತ್ತಿದ್ದ, ರೈಲಿ ತನ್ನ ಕೈಯಲ್ಲಿ ಏನನ್ನು ಉಳಿಸಿಕೊಂಡ, ಏನನ್ನು ಮಾರಿಕೊಂಡ ಎಂಬುದನ್ನೆಲ್ಲ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಸನ್‌ವರೆಗಿನ ದಾರಿ

ರೈಲಿ ಹುಟ್ಟಿದ್ದು 1933ರ ಅಕ್ಟೋಬರ್ 5ರಂದು, ಆರ್ಕನ್ಸಾದ ಪೊಕಾಹಾಂಟಸ್‌ನಲ್ಲಿ. ಗೇಣಿ ಸಾಗುವಳಿಯ ಬಡ ಕುಟುಂಬ. ಹತ್ತಿ ಹೊಲಗಳಲ್ಲಿ ಜೊತೆಗೆ ದುಡಿಯುತ್ತಿದ್ದ ಕಪ್ಪು ಜನರಿಂದ ಗಿಟಾರನ್ನೂ ಮೌತ್ ಆರ್ಗನ್ನನ್ನೂ ಕಲಿತ. ಅವನ ಗಂಟಲಿನಲ್ಲಿ ಕಂಟ್ರಿಗಿಂತ ಬ್ಲೂಸ್ ಹೆಚ್ಚಾಗಿದ್ದುದಕ್ಕೆ ಕಾರಣ ಇದೇ. 1949ರಲ್ಲಿ ವಯಸ್ಸು ಹೆಚ್ಚು ಹೇಳಿ ಸೈನ್ಯಕ್ಕೆ ಸೇರಿದ. ಅಲ್ಲಿಂದ ಬಂದ ಮೇಲೆ ಸ್ಥಳೀಯ ಕಂಟ್ರಿ ತಂಡಗಳಲ್ಲಿ ಹಾಡುತ್ತಿದ್ದ.

1955ರ ಹೊತ್ತಿಗೆ ಅವನಿಗೆ ಜ್ಯಾಕ್ ಕ್ಲೆಮೆಂಟ್ ಮತ್ತು ಸ್ಲಿಮ್ ವ್ಯಾಲೇಸ್ ಪರಿಚಯವಾದರು. ವ್ಯಾಲೇಸ್ ಲಾರಿ ಡ್ರೈವರ್. ಮೆಂಫಿಸ್‌ನ ಫರ್ನ್‌ವುಡ್ ಬೀದಿಯ ಅವನ ಮನೆಯ ಗರಾಜಿನಲ್ಲಿ ಇಬ್ಬರೂ ಸೇರಿ ಸ್ಟುಡಿಯೋ ಕಟ್ಟುತ್ತಿದ್ದರು. ಅವರ ಹೊಸ ಲೇಬಲ್ಲಿಗೆಂದು (ಡಿಸ್ಕ್ ಹೊರತರುವ ಕಂಪನಿಗೆಂದು) ರೈಲಿ ಹಾಡಿದ ‘ಟ್ರಬಲ್ ಬೌಂಡ್’ ಟೇಪನ್ನು ಮಾಸ್ಟರ್ ಡಿಸ್ಕ್ ಮಾಡಿಸಲು ಕ್ಲೆಮೆಂಟ್ ಸ್ಯಾಮ್ ಫಿಲಿಪ್ಸ್ ಬಳಿ ಒಯ್ದ. ಫಿಲಿಪ್ಸ್ ಕೇಳಿದ, ಹಾಡನ್ನೂ ತೆಗೆದುಕೊಂಡ, ಕ್ಲೆಮೆಂಟನನ್ನೂ ಕೆಲಸಕ್ಕೆ ತೆಗೆದುಕೊಂಡ. 1956ರಲ್ಲಿ ‘ಟ್ರಬಲ್ ಬೌಂಡ್’ ಸನ್ 245 ಆಗಿ ಬಂತು, ಹಿಂಬದಿಯಲ್ಲಿ ‘ರಾಕ್ ವಿತ್ ಮಿ ಬೇಬಿ’. ಮುಂದೆ ನ್ಯಾಶ್‌ವಿಲ್‌ನ ದೊಡ್ಡ ನಿರ್ಮಾಪಕರಲ್ಲಿ ಒಬ್ಬನಾದ ಕ್ಲೆಮೆಂಟ್ ಸನ್‌ನೊಳಗೆ ಕಾಲಿಟ್ಟದ್ದು ರೈಲಿಯ ಟೇಪು ಹಿಡಿದುಕೊಂಡು. ಈ ಪ್ರಕರಣದಲ್ಲಿ ಇಂಥದ್ದು ಮತ್ತೆ ಮತ್ತೆ ಆಗುತ್ತದೆ: ಕೆಲಸ ರೈಲಿಯದು, ಮೇಲೇರುವವರು ಪಕ್ಕದವರು.

ಎರಡನೇ ಸಿಂಗಲ್ ಸನ್ 260, 1957ರ ಆರಂಭದ್ದು: ‘ಫ್ಲೈಯಿಂಗ್ ಸಾಸರ್ಸ್ ರಾಕ್ ಅಂಡ್ ರೋಲ್’. ಹಾರುವ ತಟ್ಟೆಯಲ್ಲಿ ಮಂಗಳಗ್ರಹದವರು ಬಂದಿಳಿದು ರಾಕ್ ಅಂಡ್ ರೋಲ್ ಕಲಿಸಿದರು ಎನ್ನುವ ತಮಾಷೆಯ ಹಾಡು. ತಂಡಕ್ಕೆ ‘ಲಿಟಲ್ ಗ್ರೀನ್ ಮೆನ್’ ಎಂಬ ಹೆಸರು ಬಂದದ್ದು ಇದರಿಂದಲೇ. ಗಿಟಾರ್ ರೋಲಂಡ್ ಜೇನ್ಸ್‌ನದು, ಡ್ರಮ್ಸ್ ಇನ್ನೂ ಹತ್ತೊಂಬತ್ತರ ಹುಡುಗ ಜೆ. ಎಂ. ವ್ಯಾನ್ ಈಟನ್‌ನದು, ಬೇಸ್ ಮಾರ್ವಿನ್ ಪೆಪ್ಪರ್‌ನದು. ಪಿಯಾನೋ ನುಡಿಸಿದವನು ಆಗಷ್ಟೇ ಸನ್‌ಗೆ ಬಂದಿದ್ದ ಜೆರ್ರಿ ಲೀ ಲೂಯಿಸ್. ಲೂಯಿಸ್‌ನ ಮೊದಲ ಸಿಂಗಲ್ ‘ಕ್ರೇಜಿ ಆರ್ಮ್ಸ್’ ಸನ್ 259, ಅಂದರೆ ಸರಿಯಾಗಿ ಹಿಂದಿನ ನಂಬರು. ಅದರಲ್ಲಿ ಡ್ರಮ್ಸ್ ಬಾರಿಸಿದವನೂ ಇದೇ ವ್ಯಾನ್ ಈಟನ್. ಹಾಡಿನ ಕಟ್ಟಕಡೆಗೆ ಎಲ್ಲಿಂದಲೋ ಬಂದು ಬೀಳುವ ಒಂದೇ ಒಂದು ಗಿಟಾರ್ ಸ್ವರಗುಚ್ಛವಿದೆ. ಟಾಯ್ಲೆಟ್ಟಿನಿಂದ ಆಗತಾನೆ ಹೊರಬಂದ ರೈಲಿ ಗಿಟಾರ್ ಎತ್ತಿಕೊಂಡು ಬಾರಿಸಿದ್ದು ಅದು ಎಂದು ಜೇನ್ಸ್ ಹೇಳಿಕೊಂಡಿದ್ದಾನೆ. ಹೀಗೆ ರೈಲಿಯ ತಂಡ ಕಂಪನಿಯ ಖಾಯಂ ವಾದ್ಯತಂಡವಾಯಿತು. ‘ಹೋಲ್ ಲಾಟ್ಟಾ ಶೇಕಿನ್’ನಲ್ಲೂ ಜೇನ್ಸ್ ಮತ್ತು ವ್ಯಾನ್ ಈಟನ್‌ರ ಕೈಯೇ ಇದೆ.

706 ಯೂನಿಯನ್ ಅವೆನ್ಯೂ: ಸದ್ದು ಹುಟ್ಟಿದ ಬಗೆ

ಈ ವಿಳಾಸದಲ್ಲಿದ್ದ ಸನ್ ಸ್ಟುಡಿಯೋ ಎಂದರೆ ಸುಮಾರು 18 ಅಡಿ ಅಗಲ, 30 ಅಡಿಗಿಂತ ತುಸು ಹೆಚ್ಚು ಉದ್ದದ ಒಂದು ಕೋಣೆ, ಅದರ ಹಿಂದೆ ಗಾಜಿನಾಚೆ ಕಂಟ್ರೋಲ್ ರೂಮು. ರೆಕಾರ್ಡಿಂಗ್ ಮೋನೋ. ಹಾಡುಗಾರ, ಗಿಟಾರ್, ಬೇಸ್, ಪಿಯಾನೋ, ಡ್ರಮ್ಸ್ ಎಲ್ಲವೂ ಏಕಕಾಲಕ್ಕೆ ಒಂದೇ ಟೇಪಿಗೆ ಇಳಿಯಬೇಕು. ಆಮೇಲೆ ಗಿಟಾರ್ ಮಾತ್ರ ಜೋರು ಮಾಡುತ್ತೇನೆ ಎಂದರೆ ಆಗದು. ಹಾಗಾಗಿ ಬ್ಯಾಲೆನ್ಸ್ ಎನ್ನುವುದು ಅರ್ಧ ಮಿಕ್ಸರಿನ ಗುಂಡಿಗಳಲ್ಲಿ, ಅರ್ಧ ಯಾರು ಮೈಕಿನಿಂದ ಎಷ್ಟು ದೂರ ನಿಲ್ಲುತ್ತಾರೆ ಎನ್ನುವುದರಲ್ಲಿ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು.

ಸನ್‌ನ ಗುರುತಾದ ‘ಸ್ಲ್ಯಾಪ್‌ಬ್ಯಾಕ್’ ಮಾರ್ದನಿಗೆ ಎರಡು ಆಂಪೆಕ್ಸ್ ಟೇಪ್ ಯಂತ್ರಗಳು ಬೇಕು. ಮೊದಲನೆಯದು ಹಾಡನ್ನು ದಾಖಲಿಸುತ್ತದೆ. ಅದೇ ಸಿಗ್ನಲ್ಲನ್ನು ಎರಡನೆಯದಕ್ಕೂ ಕಳಿಸುತ್ತಾರೆ. ಅಲ್ಲಿ ಟೇಪು ರೆಕಾರ್ಡ್ ಹೆಡ್ ದಾಟಿ ಪ್ಲೇಬ್ಯಾಕ್ ಹೆಡ್ ತಲುಪಲು ತುಸು ಹೊತ್ತು ಹಿಡಿಯುತ್ತದೆ. ಎರಡು ಹೆಡ್‌ಗಳ ನಡುವಿನ ಅಂತರ ಎರಡು ಇಂಚಿನ ಆಸುಪಾಸು, ಟೇಪಿನ ವೇಗ ಸೆಕೆಂಡಿಗೆ 15 ಇಂಚು. ಅಂದರೆ ಸುಮಾರು 130ರಿಂದ 140 ಮಿಲಿಸೆಕೆಂಡ್ ತಡ. ಈ ತಡವಾದ ಸದ್ದನ್ನು ಮಿಕ್ಸರಿಗೆ ಮರಳಿ ತಂದು ಮೂಲದ ಜೊತೆ ಹದವಾಗಿ ಬೆರೆಸುತ್ತಾರೆ. ನಿಮಿಷಕ್ಕೆ 220 ಬಡಿತದ ಹಾಡಿನಲ್ಲಿ ಅರ್ಧ ಬಡಿತಕ್ಕೆ 136 ಮಿಲಿಸೆಕೆಂಡ್ ಬರುತ್ತದೆ. ವೇಗದ ರಾಕಬಿಲ್ಲಿಗೆ ಈ ಮಾರ್ದನಿ ಎರಡನೇ ತಾಳದ ಹಾಗೆ ಕೂರುವುದು ಅದಕ್ಕೇ. ನಿಧಾನದ ಹಾಡಿನಲ್ಲಿ ಅದೇ ತಡ ಬಡಿತಗಳ ನಡುವೆ ಎಲ್ಲೋ ಬಿದ್ದು ಎಡವುತ್ತದೆ. ಪ್ರಮಾಣ ಮೀರಿದರೆ ಡ್ರಮ್ಸ್ ಕಲಸುಮೇಲೋಗರವಾಗುತ್ತದೆ. ಮಾರ್ದನಿಯೂ ಅದೇ ಮೋನೋ ಟೇಪಿಗೆ ಇಳಿದುಬಿಡುವುದರಿಂದ ಆಮೇಲೆ ತೆಗೆಯಲು ಸಾಧ್ಯವೇ ಇಲ್ಲ. ಆ ಕ್ಷಣದ ತೀರ್ಮಾನವೇ ಕೊನೆಯ ತೀರ್ಮಾನ.

‘ರೆಡ್ ಹಾಟ್’ನಲ್ಲಿ ಈ ಎಲ್ಲದರ ಹದ ಕೂಡಿಬಂದಿದೆ. ರೈಲಿಯ ದನಿ ಒಡೆಯುವ ಅಂಚಿನಲ್ಲಿ ನಿಂತು ಒರಟಾಗಿ ಬರುತ್ತದೆ. ಅವನು ತನ್ನ ಹುಡುಗಿಯನ್ನು ಹೊಗಳಿ ಒಂದು ಸಾಲು ಎಸೆದರೆ, ಇಡೀ ತಂಡ ನಿನ್ನವಳು ಏನೇನೂ ಅಲ್ಲ ಎಂಬರ್ಥದ ಸಾಲನ್ನು ಕೂಗಿ ತಿರುಗಿಸುತ್ತದೆ. ಶಾಲೆಯ ಆಟದ ಮೈದಾನದಲ್ಲಿ ಎದುರಾಳಿ ತಂಡವನ್ನು ಕೆಣಕುವ ಘೋಷಣೆಯಿಂದ ಹುಟ್ಟಿದ ಪಲ್ಲವಿ ಅದು. ಒಮ್ಮೆ ಕೇಳಿದವರು ಎರಡನೇ ಸಲ ತಾವೇ ಕೂಗುತ್ತಾರೆ. ಕಾಸು ಹಾಕಿದರೆ ಹಾಡು ನುಡಿಸುವ ಜೂಕ್‌ಬಾಕ್ಸಿಗೆ ಹೇಳಿ ಮಾಡಿಸಿದ ಸರಕು.

ಆದರೆ ಹಾಡು ರೈಲಿಯದಲ್ಲ. ಕಪ್ಪು ಗಾಯಕ ಬಿಲ್ಲಿ ‘ದ ಕಿಡ್’ ಎಮರ್ಸನ್ ಬರೆದು, 1955ರಲ್ಲಿ ಇದೇ ಸನ್‌ಗಾಗಿ 219ನೇ ನಂಬರಿನಲ್ಲಿ ಹಾಡಿದ್ದ. ‘ಫ್ಲೈಯಿಂಗ್ ಸಾಸರ್ಸ್’ ಕೂಡ ರೇ ಸ್ಕಾಟ್ ಬರೆದದ್ದು. ಇದನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಲೆಕ್ಕದಲ್ಲಿ ಬೇಕಾಗುತ್ತದೆ.

1957ರ ಆ ಕೆಲವು ತಿಂಗಳು

ಕಾಲಾನುಕ್ರಮ ಇಟ್ಟುಕೊಂಡು ನೋಡಿದರೆ ಆರ್ಡರ್ ರದ್ದಾದ ಕತೆಗೆ ಹಿನ್ನೆಲೆ ಸಿಗುತ್ತದೆ.

ಜೆರ್ರಿ ಲೀ ಲೂಯಿಸ್‌ನ ‘ಹೋಲ್ ಲಾಟ್ಟಾ ಶೇಕಿನ್ ಗೋಯಿಂಗ್ ಆನ್’ (ಸನ್ 267) ಆ ವರ್ಷದ ವಸಂತದಲ್ಲೇ ಬಂದಿತ್ತು. ಅದು ನಿಜವಾಗಿ ಸಿಡಿದದ್ದು ಜುಲೈ 28ರಂದು ಸ್ಟೀವ್ ಆಲನ್‌ನ ಟಿವಿ ಕಾರ್ಯಕ್ರಮದಲ್ಲಿ ಲೂಯಿಸ್ ಕಾಣಿಸಿಕೊಂಡ ಮೇಲೆ. ಅವನನ್ನು ನ್ಯೂಯಾರ್ಕಿಗೆ ಕರೆದೊಯ್ದು ಆ ಅವಕಾಶ ಗಿಟ್ಟಿಸಿದವನು ಸ್ಯಾಮ್‌ನ ಅಣ್ಣ ಜಡ್ ಫಿಲಿಪ್ಸ್. ಹಾಡು ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೂ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಸೆಪ್ಟೆಂಬರಿನಲ್ಲಿ ಸ್ಯಾಮ್ ‘ಫಿಲಿಪ್ಸ್ ಇಂಟರ್‌ನ್ಯಾಷನಲ್’ ಎಂಬ ಎರಡನೇ ಲೇಬಲ್ ತೆರೆದ. ಅದರ ಮೊದಲ ಕಂತಿನಲ್ಲೇ ಬಂದ ಬಿಲ್ ಜಸ್ಟಿಸ್‌ನ ಸ್ಯಾಕ್ಸೊಫೋನ್ ವಾದ್ಯಸಂಗೀತ ‘ರಾಂಚಿ’ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನ ಮುಟ್ಟಿತು. ಜಾನಿ ಕ್ಯಾಶ್‌ನ ‘ಹೋಮ್ ಆಫ್ ದ ಬ್ಲೂಸ್’ (ಸನ್ 279) ಕೂಡ ಇದೇ ಹೊತ್ತಿನದು. ನವೆಂಬರಿನಲ್ಲಿ ‘ಗ್ರೇಟ್ ಬಾಲ್ಸ್ ಆಫ್ ಫೈರ್’ (ಸನ್ 281) ಬಂತು, ಅದೂ ಪಾಪ್ ಪಟ್ಟಿಯಲ್ಲಿ 2ಕ್ಕೆ ಏರಿತು.

ಎಂದರೆ ‘ರೆಡ್ ಹಾಟ್’ ಎದುರಿಸಬೇಕಾದದ್ದು ಲೂಯಿಸ್ ಒಬ್ಬನನ್ನಲ್ಲ. ಬೆರಳೆಣಿಕೆಯ ಜನರಿದ್ದ ಒಂದು ಸಣ್ಣ ಕಂಪನಿ ಮೂರು ದೊಡ್ಡ ಹಿಟ್‌ಗಳನ್ನೂ ಕ್ಯಾಶ್‌ನಂಥ ಖಾತರಿಯ ಗಾಯಕನನ್ನೂ ಒಟ್ಟಿಗೆ ಹೊರುತ್ತಿದ್ದಾಗ ಅದು ಮಾರುಕಟ್ಟೆಗೆ ಬಂತು. ದಂತಕತೆ ‘ರಾಂಚಿ’ಯನ್ನು ಬಿಟ್ಟುಬಿಡುತ್ತದೆ, ಯಾಕೆಂದರೆ ಇಬ್ಬರು ಗಾಯಕರ ಜಗಳದ ಕತೆಗೆ ಸ್ಯಾಕ್ಸೊಫೋನು ಹೊಂದುವುದಿಲ್ಲ. ಸಾಲದ್ದಕ್ಕೆ ಅದೇ ವರ್ಷ ಇಂಪೀರಿಯಲ್ ಕಂಪನಿ ಬಾಬ್ ಲೂಮನ್‌ನಿಂದ ‘ರೆಡ್ ಹಾಟ್’ ಹಾಡಿಸಿತ್ತು. ರೇಡಿಯೊದವರಿಗೆ ಒಂದೇ ಹಾಡಿನ ಎರಡು ಆವೃತ್ತಿ ಕೈಯಲ್ಲಿದ್ದರೆ ಪ್ರಸಾರವೂ ಹಂಚಿಹೋಗುತ್ತದೆ.

ಹಿಟ್ ಆದರೆ ದುಡ್ಡು ಬರುವುದಿಲ್ಲವೇ, ಆ ದುಡ್ಡಿನಲ್ಲಿ ಇನ್ನೊಂದನ್ನು ಒತ್ತಿಸಬಹುದಲ್ಲ ಎಂದು ಕೇಳಬಹುದು. ಸಣ್ಣ ಲೇಬಲ್ಲಿನ ಮಟ್ಟಿಗೆ ನಡೆಯುವುದು ಇದರ ತಿರುವುಮುರುವು.

ಹಿಟ್ ಹೇಗೆ ಕತ್ತು ಹಿಸುಕುತ್ತದೆ

ಸನ್‌ಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಮೆಂಫಿಸ್‌ನ ಚೆಲ್ಸಿ ಅವೆನ್ಯೂದಲ್ಲಿದ್ದ ಬಸ್ಟರ್ ವಿಲಿಯಮ್ಸ್‌ನ ಪ್ಲಾಸ್ಟಿಕ್ ಪ್ರಾಡಕ್ಟ್ಸ್ ಅದರ ಮುಖ್ಯ ಒತ್ತುಗಾರ. ಕ್ರಮ ಹೀಗೆ: ಟೇಪಿನಿಂದ ಲ್ಯಾಕರ್ ತಟ್ಟೆಗೆ ಗೀರು ಕೊರೆಯುವುದು, ಅದಕ್ಕೆ ಬೆಳ್ಳಿಯ ಪೊರೆ ಕೊಟ್ಟು ನಿಕ್ಕಲ್ ಲೇಪ ಬೆಳೆಸಿ ಮಾಸ್ಟರ್ ಎಬ್ಬಿಸುವುದು, ಅದರಿಂದ ಮದರ್ ಎಂಬ ಎರಡನೇ ಲೋಹದ ಪ್ರತಿ, ಮದರ್‌ನಿಂದ ಸ್ಟ್ಯಾಂಪರ್. ಸ್ಟ್ಯಾಂಪರ್ ಎಂದರೆ ಪ್ರೆಸ್ಸಿಗೆ ಕೂರಿಸುವ ಅಚ್ಚು. ಅದು ಸವೆಯುತ್ತದೆ, ಬದಲಿಸುತ್ತಲೇ ಇರಬೇಕು. 1957ರಲ್ಲಿ ಸನ್ ಕಂಪನಿ ನಿಮಿಷಕ್ಕೆ 45 ಸುತ್ತು ಮತ್ತು 78 ಸುತ್ತು ಎರಡೂ ವೇಗದಲ್ಲಿ ಡಿಸ್ಕ್ ತರುತ್ತಿತ್ತು, ಅಂದರೆ ಪ್ರತಿ ಹಾಡಿಗೂ ಎರಡು ಜೊತೆ ಅಚ್ಚು. ಪ್ರೆಸ್ಸುಗಳ ಸಂಖ್ಯೆಗೆ ಮಿತಿಯಿದೆ. ಕಾರ್ಖಾನೆಯಲ್ಲಿ ಇತರ ಕಂಪನಿಗಳ ಸರದಿಯೂ ಇದೆ. ಲೂಯಿಸ್‌ನ ಡಿಸ್ಕ್‌ಗೆ ಲಕ್ಷಗಟ್ಟಲೆ ಬೇಡಿಕೆ ಬಂದಾಗ ಅದೇ ಪ್ರೆಸ್ಸಿನಲ್ಲಿ ರೈಲಿಯ ಡಿಸ್ಕ್ ಒತ್ತುವ ಸಮಯವನ್ನು ಯಾರಿಂದಲೋ ಕಿತ್ತುಕೊಳ್ಳಬೇಕು.

ಇನ್ನು ದುಡ್ಡು. ಒಂದು ಡಿಸ್ಕ್ ಒತ್ತಲು, ಕಾಗದದ ಲೇಬಲ್ ಮತ್ತು ಕವರ್ ಸೇರಿ, ಲೆಕ್ಕದ ಅನುಕೂಲಕ್ಕೆ 10 ಸೆಂಟ್ ಎಂದು ಇಟ್ಟುಕೊಳ್ಳೋಣ. ಒಂದು ಲಕ್ಷ ಡಿಸ್ಕಿಗೆ 10,000 ಡಾಲರ್. ಇದು ಎಷ್ಟು ದೊಡ್ಡ ಮೊತ್ತ ಎಂದು ತಿಳಿಯಲು ಒಂದು ಅಳತೆ: 1955ರ ನವೆಂಬರಿನಲ್ಲಿ ಎಲ್ವಿಸ್ ಪ್ರೀಸ್ಲಿಯ ಇಡೀ ಒಪ್ಪಂದವನ್ನು ಫಿಲಿಪ್ಸ್ ದೊಡ್ಡ ರೆಕಾರ್ಡ್ ಕಂಪನಿ ಆರ್‌ಸಿಎಗೆ ಮಾರಿದ್ದು 35,000 ಡಾಲರಿಗೆ. ಕಾರ್ಖಾನೆಗೆ ಬೇಗ ದುಡ್ಡು ಕಟ್ಟಬೇಕು. ಡಿಸ್ಕುಗಳ ಮೇಲೆ ಆಗ ಶೇ 10ರ ಕೇಂದ್ರ ಅಬಕಾರಿ ತೆರಿಗೆ ಬೇರೆ. ವಿತರಕನಾದರೋ ಸರಕು ಉದ್ರಿ ತೆಗೆದುಕೊಳ್ಳುತ್ತಾನೆ, ತಿಂಗಳುಗಟ್ಟಲೆ ಬಿಟ್ಟು ಕೊಡುತ್ತಾನೆ, ಮಾರಾಟವಾಗದ್ದನ್ನು ವಾಪಸ್ ಕಳಿಸುತ್ತಾನೆ. ಮಂಡಿಗೆ ಅಡಿಕೆ ಹಾಕಿ ಬಾಕಿಗಾಗಿ ಅಲೆದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಣ್ಣ ಲೇಬಲ್ಲಿಗೆ ವಿತರಕ ಹಳೆಯ ಬಾಕಿ ತೀರಿಸುವುದು ಅದರ ಮುಂದಿನ ಹಿಟ್ ಬೇಕಾದಾಗ ಮಾತ್ರ. ಹಿಟ್ ಇಲ್ಲದ ಲೇಬಲ್ಲಿನ ಫೋನನ್ನೂ ಎತ್ತುವುದಿಲ್ಲ.

ಹೀಗಿರುವಾಗ ಯಜಮಾನ ಮಾಡುವ ಲೆಕ್ಕ ನಿಷ್ಠುರವಾದರೂ ಸರಳ. ಹತ್ತು ಸಾವಿರ ಡಾಲರನ್ನು ಹಿಂದಿನ ಹಿಟ್ ಕೊಟ್ಟ, ಟಿವಿಯಲ್ಲಿ ಮುಖ ತೋರಿಸಿದ ಲೂಯಿಸ್‌ನ ಮೇಲೆ ಹಾಕುವುದೋ, ಪಟ್ಟಿಗೇ ಹತ್ತದ ರೈಲಿಯ ಮೇಲೆ ಹಾಕುವುದೋ? ಅದೂ ಅಲ್ಲದೆ ‘ಗ್ರೇಟ್ ಬಾಲ್ಸ್’ ಬೇಕೆನ್ನುವ ವಿತರಕ ‘ಹೋಲ್ ಲಾಟ್ಟಾ ಶೇಕಿನ್’ನ ಬಾಕಿಯನ್ನೂ ತೀರಿಸಬೇಕು. ‘ರೆಡ್ ಹಾಟ್’ಗೆ ಆ ಬಲ ಇರಲಿಲ್ಲ. ಪ್ರಚಾರದ ಕತೆಯೂ ಅಷ್ಟೆ. ಊರೂರು ತಿರುಗಿ ರೇಡಿಯೊ ನಿರೂಪಕರನ್ನು ಕಾಣಲು ಕಂಪನಿಗಿದ್ದದ್ದು ಮುಖ್ಯವಾಗಿ ಜಡ್ ಫಿಲಿಪ್ಸ್‌ನ ಎರಡು ಕಾಲು, ಆ ಕಾಲುಗಳು ಲೂಯಿಸ್‌ನ ಹಿಂದಿದ್ದವು. ರೈಲಿಗೆ ಅನ್ಯಾಯವಾಗಿಲ್ಲ ಎಂದಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಿಜ. ಆದರೆ ಅದು ದ್ವೇಷದಿಂದ ಆದ ಅನ್ಯಾಯವಲ್ಲ, ಬಂಡವಾಳದ ಕೊರತೆಯಿಂದ ಆದದ್ದು. ಲೂಯಿಸ್‌ನ ಜಾಗದಲ್ಲಿ ಬೇರೆ ಯಾರಿದ್ದರೂ ಇದೇ ಆಗುತ್ತಿತ್ತು.

ರೈಲಿಯ ಪ್ರತಿಕ್ರಿಯೆ ಸನ್‌ನ ಚರಿತ್ರೆಯಲ್ಲಿ ಪ್ರಸಿದ್ಧ. ಕುಡಿದು ಸ್ಟುಡಿಯೋಗೆ ನುಗ್ಗಿ ದಾಂಧಲೆ ಎಬ್ಬಿಸಿದ. ಫಿಲಿಪ್ಸ್ ಬಂದು ಅವನನ್ನು ಒಳಗೆ ಕರೆದೊಯ್ದು ಬೆಳಗಿನ ಜಾವದವರೆಗೂ ಮಾತಾಡಿದ. ಹೊರಬರುವಾಗ ಸನ್‌ನ ಅತಿ ದೊಡ್ಡ ತಾರೆ ತಾನೇ ಎಂಬ ಭಾವನೆ ಮೂಡಿತ್ತೆಂದೂ, ಬದಲಾದದ್ದು ಏನೂ ಇಲ್ಲವೆಂದೂ ರೈಲಿ ಮುಂದೆ ನಗುತ್ತಲೇ ಹೇಳುತ್ತಿದ್ದ. ಮಾತಿನಲ್ಲಿ ಫಿಲಿಪ್ಸ್‌ನನ್ನು ಗೆದ್ದವರು ಕಡಿಮೆ.

ಗಾಯಕನ ಪಾಲು ಎಷ್ಟು?

ಹಾಡು ಹಿಟ್ಟೇ ಆಗಿದ್ದರೆ ರೈಲಿಗೆ ಎಷ್ಟು ಸಿಗುತ್ತಿತ್ತು ಎಂದು ಕೂಡಿ ನೋಡೋಣ. ಸನ್ ಗಾಯಕರಿಗೆ ಸಾಮಾನ್ಯವಾಗಿ ಕೊಡುತ್ತಿದ್ದ ರಾಯಲ್ಟಿ ಶೇ 3. ಉದ್ಯಮದ ರೂಢಿಯಂತೆ ಮಾರಾಟದ ಶೇ 90ರ ಮೇಲೆ ಅದನ್ನು ಲೆಕ್ಕ ಹಾಕಿದರೆ, 89 ಸೆಂಟ್ ಬೆಲೆಯ ಸಿಂಗಲ್ಲಿಗೆ ಸುಮಾರು 2.4 ಸೆಂಟ್. ಒಂದು ಲಕ್ಷ ಡಿಸ್ಕ್ ಮಾರಾಟವಾದರೆ 2,400 ಡಾಲರ್. ಇದರಲ್ಲಿ ಕಂಪನಿ ಮುಂಗಡವಾಗಿ ಕೊಟ್ಟದ್ದೆಲ್ಲ ಮೊದಲು ಮುರಿದುಕೊಳ್ಳುತ್ತದೆ. ವಿತರಕರಿಗೆ ಪ್ರೋತ್ಸಾಹಕ್ಕೆಂದು ಪುಕ್ಕಟೆ ಕೊಟ್ಟ ಡಿಸ್ಕುಗಳಿಗೆ ರಾಯಲ್ಟಿಯೇ ಇಲ್ಲ.

ಹಾಡು ಬರೆದವನ ದಾರಿ ಬೇರೆ. 1909ರ ಅಮೆರಿಕನ್ ಹಕ್ಕುಸ್ವಾಮ್ಯ ಕಾಯಿದೆಯಂತೆ ಡಿಸ್ಕಿನ ಪ್ರತಿ ಬದಿಗೆ 2 ಸೆಂಟ್. ವಾಡಿಕೆಯಂತೆ ಪ್ರಕಾಶಕ ಮತ್ತು ಬರೆದವನಿಗೆ ಅರ್ಧರ್ಧ. ಲಕ್ಷ ಡಿಸ್ಕಿಗೆ ಬರೆದವನಿಗೆ 1,000 ಡಾಲರ್. ನೋಡಲು ಗಾಯಕನದಕ್ಕಿಂತ ಕಡಿಮೆ. ಆದರೆ ಗಾಯಕನ ಪಾಲು ಅವನ ಡಿಸ್ಕ್ ಅಂಗಡಿಯಿಂದ ಮಾಯವಾದ ದಿನ ನಿಲ್ಲುತ್ತದೆ. ಬರೆದವನಿಗೆ ಇನ್ಯಾರೇ ಆ ಹಾಡನ್ನು ಹಾಡಿದರೂ ಮತ್ತೆ ಬರುತ್ತದೆ, ರೇಡಿಯೊದಲ್ಲಿ ಬಂದರೂ ಬರುತ್ತದೆ. ಅಮೆರಿಕದ ಮಾಮೂಲಿ ರೇಡಿಯೊ ಕೇಂದ್ರಗಳು ಇವತ್ತಿಗೂ ಹಾಡಿದವರಿಗೆ ಏನೂ ಕೊಡುವುದಿಲ್ಲ.

1977ರಲ್ಲಿ ರಾಬರ್ಟ್ ಗಾರ್ಡನ್ ಮತ್ತು ಗಿಟಾರ್ ವಾದಕ ಲಿಂಕ್ ರೇ ‘ರೆಡ್ ಹಾಟ್’ ಹಾಡಿದರು. ರೈಲಿಯ ಆವೃತ್ತಿಯ ಜಾಡಿನಲ್ಲೇ ಹಾಡಿದ್ದು. ಅದು ಬಿಲ್‌ಬೋರ್ಡ್‌ನಲ್ಲಿ 83ನೇ ಸ್ಥಾನಕ್ಕೆ ಬಂತು. ಹಕ್ಕಿನ ಪ್ರಕಾರ ಬರೆದವನ ಪಾಲು ಎಮರ್ಸನ್‌ನದು, ರೈಲಿಗೆ ಸೊನ್ನೆ. ನನ್ನ ಮಟ್ಟಿಗೆ ರದ್ದಾದ ಆರ್ಡರಿಗಿಂತ ದೊಡ್ಡ ನಷ್ಟ ಇದು: ಎರಡು ಪ್ರಸಿದ್ಧ ಹಾಡುಗಳಲ್ಲಿ ಒಂದೂ ಅವನ ಹೆಸರಿನಲ್ಲಿ ಇರಲಿಲ್ಲ.

ರೀಟಾ: ಮಾರಿಕೊಂಡ ಪಾಲು

1958ರಲ್ಲಿ ರೈಲಿ ಬ್ರನ್ಸ್‌ವಿಕ್ ಕಂಪನಿಗೆ ‘ರಾಕಿಂಗ್ ಆನ್ ದ ಮೂನ್’ ಹಾಡಿದ. ಅದೂ ಓಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಜೆರ್ರಿ ಲೀ ಲೂಯಿಸ್ ಬ್ರಿಟನ್ ಪ್ರವಾಸಕ್ಕೆ ಹೋದಾಗ, ಅವನು ಹದಿಮೂರು ವರ್ಷದ ಸಂಬಂಧಿಕ ಹುಡುಗಿಯನ್ನು ಮದುವೆಯಾಗಿದ್ದು ಬಯಲಾಗಿ ಅವನ ಮಾರುಕಟ್ಟೆ ಕುಸಿದುಬಿದ್ದಿತ್ತು. ಸನ್ ಪಣಕ್ಕಿಟ್ಟ ಕುದುರೆ ಬಿದ್ದಾಗ ಬದಲಿ ಕುದುರೆ ಲಾಯದಲ್ಲಿ ಇರಲಿಲ್ಲ. ರೈಲಿ ಮರಳಿ ಬಂದು 1959ರಲ್ಲಿ ಸನ್‌ಗೆ ಇನ್ನೆರಡು ಸಿಂಗಲ್ ಕೊಟ್ಟ (313 ಮತ್ತು 322), ಆದರೆ ಅಷ್ಟರಲ್ಲಿ ರಾಕಬಿಲ್ಲಿಯ ಕಾಲವೇ ಮುಗಿದಿತ್ತು.

ಆಮೇಲೆ ಅವನು ಮಾಡಿದ್ದು ಸರಿಯಾದ ಕೆಲಸ. ರೋಲಂಡ್ ಜೇನ್ಸ್ ಜೊತೆ ಸೇರಿ ‘ರೀಟಾ’ ಎಂಬ ಸ್ವಂತ ಲೇಬಲ್ ಕಟ್ಟಿದ. ಅದರಲ್ಲಿ ಹೆರಾಲ್ಡ್ ಡಾರ್ಮನ್ ಎಂಬ ಮಿಸಿಸಿಪ್ಪಿಯ ಗಾಯಕನ ‘ಮೌಂಟನ್ ಆಫ್ ಲವ್’ 1960ರಲ್ಲಿ ಬಂತು, ಬಿಲ್‌ಬೋರ್ಡ್‌ನಲ್ಲಿ 21ನೇ ಸ್ಥಾನಕ್ಕೇರಿತು. ಮುಂದೆ 1964ರಲ್ಲಿ ಜಾನಿ ರಿವರ್ಸ್ ಅದನ್ನೇ ಹಾಡಿ ಮೊದಲ ಹತ್ತರೊಳಗೆ ತಂದ. ಚಾರ್ಲಿ ಪ್ರೈಡ್ ಹಾಡಿದಾಗ ಕಂಟ್ರಿ ಪಟ್ಟಿಯ ಮೊದಲ ಸ್ಥಾನ. ಆದರೆ ಡಾರ್ಮನ್‌ನ ಡಿಸ್ಕ್ ಓಡಲು ಶುರುವಾಗುವ ಮೊದಲೇ ರೈಲಿ ರೀಟಾದಲ್ಲಿನ ತನ್ನ ಪಾಲು ಮಾರಿಬಿಟ್ಟಿದ್ದ.

ಇಲ್ಲಿ ಫಿಲಿಪ್ಸ್ ಇಲ್ಲ, ಲೂಯಿಸ್ ಇಲ್ಲ, ಫೋನ್ ಕರೆಯೂ ಇಲ್ಲ. ಒಡೆತನ ಕೈಯಲ್ಲಿದ್ದಾಗ ಅದನ್ನು ಬಿಟ್ಟುಕೊಟ್ಟವನು ಅವನೇ. ಆದರೆ ರೈಲಿಯ ತಪ್ಪಿದ ಅವಕಾಶಗಳ ಬಗ್ಗೆ ಬರೆಯುವವರು ರೀಟಾಗೆ ಒಂದು ವಾಕ್ಯ, ‘ರೆಡ್ ಹಾಟ್’ಗೆ ಒಂದು ಅಧ್ಯಾಯ ಕೊಡುತ್ತಾರೆ. ನಿಜವಾದ ತೂಕ ಅದಲುಬದಲು ಎನಿಸುತ್ತದೆ. ಹಾಗೆಂದು ಪಾಲು ಇಟ್ಟುಕೊಂಡಿದ್ದರೆ ಕೋಟ್ಯಧೀಶನಾಗುತ್ತಿದ್ದ ಎಂದೂ ಅಲ್ಲ. ಮೇಲೆ ಹೇಳಿದ ಉದ್ರಿಯ ಕತೆ ರೀಟಾಗೂ ತಪ್ಪಿದ್ದಲ್ಲ.

ಚದುರಿಹೋದ ಹೆಸರು

ರೀಟಾದಲ್ಲೇ ರೈಲಿ ‘ಲೈಟ್ನಿಂಗ್ ಲಿಯಾನ್’ ಎಂಬ ಹೆಸರಿನಲ್ಲಿ ‘ಡಾರ್ಕ್‌ನೆಸ್ ಆನ್ ಯುವರ್ ಮೈಂಡ್’ ಮತ್ತು ‘ರಿಪೊಸೆಷನ್ ಬ್ಲೂಸ್’ ಹಾಡಿದ. ಹಳ್ಳಿಯ ಮುದಿ ಕಪ್ಪು ಬ್ಲೂಸ್ ಗಾಯಕನ ದನಿ ಎಂದು ಯಾರೂ ನಂಬುವಂತಿದೆ. ಬೇರೆ ಲೇಬಲ್ಲುಗಳಿಗೆ ಸ್ಕಿಪ್ ವೈಲಿ, ಡ್ಯಾರನ್ ಲೀ ಎಂಬ ಹೆಸರುಗಳು. ಮೆಗಾಟನ್ಸ್ ಎಂಬ ತಂಡದ ‘ಶಿಮ್ಮಿ ಶಿಮ್ಮಿ ವಾಕ್’ನಲ್ಲೂ ಅವನಿದ್ದ. ಒಂದು ಕಂಪನಿಯ ಒಪ್ಪಂದದಲ್ಲಿರುವಾಗ ಇನ್ನೊಂದಕ್ಕೆ ಹಾಡಲು ಕಲಾವಿದರು ಹೀಗೆ ಹೆಸರು ಮರೆಸುವುದು ಆ ಕಾಲದ ವಾಡಿಕೆ. ಹೊಟ್ಟೆಪಾಡಿಗೆ ಇದು ಸರಿ. ಆದರೆ ಕೇಳುಗನಿಗೆ ನಿನ್ನೆ ಇಷ್ಟವಾದ ಗಾಯಕನೇ ಇವತ್ತಿನವನೂ ಎಂದು ತಿಳಿಯುವುದಾದರೂ ಹೇಗೆ? ರಾಕಬಿಲ್ಲಿ, ಬ್ಲೂಸ್, ವಾದ್ಯಸಂಗೀತ, ಸೋಲ್ ಎಲ್ಲದರಲ್ಲೂ ಅವನಿಗೆ ಕೈ ಇತ್ತು, ಅದೇ ತೊಂದರೆಯಾಯಿತು. ಅಂಗಡಿಯವನಿಗೆ ಅವನನ್ನು ಯಾವ ಕಪಾಟಿನಲ್ಲಿ ಇಡಬೇಕೆಂದೇ ಗೊತ್ತಾಗಲಿಲ್ಲ.

ಅರುವತ್ತರ ದಶಕದಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಸ್ಟುಡಿಯೋಗಳಲ್ಲಿ ಮೌತ್ ಆರ್ಗನ್ ಮತ್ತು ಗಿಟಾರ್ ನುಡಿಸಿ ಬದುಕಿದ. ಮರ್ಕ್ಯುರಿ ಕಂಪನಿಗೆ ಮೌತ್ ಆರ್ಗನ್ ಆಲ್ಬಂಗಳನ್ನು ಮಾಡಿದ, ಬೀಟಲ್ಸ್ ಹಾಡುಗಳದ್ದೂ ಒಂದಿದೆ. 1972ರಲ್ಲಿ ಟೋನಿ ಜೋ ವೈಟ್ ಬರೆದ ‘ಐ ಹ್ಯಾವ್ ಗಾಟ್ ಎ ಥಿಂಗ್ ಅಬೌಟ್ ಯು ಬೇಬಿ’ ಹಾಡಿ ಪಟ್ಟಿಯ ಬಾಲದಲ್ಲಿ, 93ನೇ ಸ್ಥಾನದಲ್ಲಿ ಕಾಣಿಸಿಕೊಂಡ. ಎರಡು ವರ್ಷದ ನಂತರ ಅದನ್ನೇ ಎಲ್ವಿಸ್ ಹಾಡಿ ಮೊದಲ 40ರೊಳಗೆ ತಂದ. ರೈಲಿ ಆರ್ಕನ್ಸಾಗೆ ಹೋಗಿ ಕಟ್ಟಡ ಕೆಲಸ, ಬಣ್ಣ ಬಳಿಯುವ ಕೆಲಸ ಹಿಡಿದ.

ಗಾರ್ಡನ್‌ನ ‘ರೆಡ್ ಹಾಟ್’ ಅವನಿಗೆ ರಾಯಲ್ಟಿ ತರಲಿಲ್ಲ, ಸಂಗೀತ ಕಛೇರಿಗಳನ್ನು ತಂದಿತು. ಯುರೋಪಿನಲ್ಲಿ ರಾಕಬಿಲ್ಲಿ ಮತ್ತೆ ಚಿಗುರುತ್ತಿದ್ದ ಹೊತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅವನು ಮತ್ತೆ ವೇದಿಕೆ ಹತ್ತಿದ. ಹಳೆಯ ಗಾಯಕನಿಗೆ ಇದೊಂದೇ ನಂಬಬಹುದಾದ ಆದಾಯ: ಹಾಡಿನ ಹಕ್ಕು ಯಾರದೇ ಇರಲಿ, ವೇದಿಕೆಯ ಸಂಭಾವನೆ ನಿಂತು ಹಾಡಿದವನದು. 1992ರ ಸೆಪ್ಟೆಂಬರಿನಲ್ಲಿ ಬಾಬ್ ಡಿಲನ್ ಲಿಟಲ್ ರಾಕ್ ಊರಿನ ತನ್ನ ಕಛೇರಿಗೆ ರೈಲಿಯನ್ನು ಕರೆಸಿ ‘ರೆಡ್ ಹಾಟ್’ ಹಾಡಿಸಿದ. ಆಮೇಲೆ ರೈಲಿ ಹೆಚ್ಚಾಗಿ ಬ್ಲೂಸ್ ಆಲ್ಬಂಗಳನ್ನೇ ಮಾಡಿದ. 2009ರ ಆಗಸ್ಟ್ 2ರಂದು ಕರುಳಿನ ಕ್ಯಾನ್ಸರಿನಿಂದ ಜೋನ್ಸ್‌ಬರೊದಲ್ಲಿ ತೀರಿಕೊಂಡ. ಸಂಗೀತಗಾರರ ನೆರವಿನ ಸಂಸ್ಥೆ ಮ್ಯೂಸಿಕೇರ್ಸ್ ಅವನ ಕಾಯಿಲೆಯ ದಿನಗಳಲ್ಲಿ ಆಸ್ಪತ್ರೆ ಖರ್ಚು ನೋಡಿಕೊಂಡಿತ್ತು. 2015ರಲ್ಲಿ ಅದೇ ಸಂಸ್ಥೆ ತನ್ನನ್ನು ಸನ್ಮಾನಿಸಿದಾಗ ಡಿಲನ್ ಭಾಷಣದ ಒಂದು ದೊಡ್ಡ ಭಾಗವನ್ನು ರೈಲಿಗೆ ಮೀಸಲಿಟ್ಟ. ಆಗಲೂ ಹೇಳಿದ್ದು, ಲೂಯಿಸ್ ಬಂದು ರೈಲಿಯನ್ನು ಮೂಲೆಗೆ ತಳ್ಳಿದ ಹಳೆಯ ಕತೆಯನ್ನೇ.

ಕೇಳುವವರಿಗೆ, ಕೊಳ್ಳುವವರಿಗೆ

ಮೊದಲು ಎಮರ್ಸನ್‌ನ ‘ರೆಡ್ ಹಾಟ್’ ಕೇಳಿ, ಆಮೇಲೆ ರೈಲಿಯದು. ಎಮರ್ಸನ್‌ನದರಲ್ಲಿ ತೂಗಾಟವಿದೆ, ರೈಲಿಯದರಲ್ಲಿ ಓಟ. ವ್ಯಾನ್ ಈಟನ್‌ನ ಡ್ರಮ್ಸ್ ಅದನ್ನು ಹೇಗೆ ಮುಂದಕ್ಕೆ ನೂಕುತ್ತದೆಂದು ಗಮನಿಸಿ. ನಂತರ ‘ಕ್ರೇಜಿ ಆರ್ಮ್ಸ್’ನ ಕೊನೆಯ ಸ್ವರ, ‘ಫ್ಲೈಯಿಂಗ್ ಸಾಸರ್ಸ್’ನ ಪಿಯಾನೋ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ 1956–57ರ ಆ ಕೋಣೆಯಲ್ಲಿ ಯಾರು ಯಾರಿಗೆ ನುಡಿಸುತ್ತಿದ್ದರೆಂಬುದು ಕಿವಿಗೇ ತಿಳಿಯುತ್ತದೆ. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ರೈಲಿಯ 1956ರಿಂದ 1960ರವರೆಗಿನ ರೆಕಾರ್ಡಿಂಗ್‌ಗಳನ್ನು ಒಟ್ಟುಗೂಡಿಸಿ ಸಿಡಿಯಾಗಿ ತಂದಿದೆ.

ಮೂಲ 45 ಡಿಸ್ಕ್ ಕೊಳ್ಳುವವರು ಹುಷಾರಾಗಿರಬೇಕು. ಸನ್ ಡಿಸ್ಕುಗಳಿಗೆ ನಕಲಿ ಹೆಚ್ಚು. ಮೆಂಫಿಸ್‌ನಲ್ಲಿ ಒತ್ತಿದ ಅಸಲಿಗೆ ಹಳದಿ ಲೇಬಲ್ಲಿನ ಮೇಲೆ ನಡುವಿನ ತೂತಿನ ಸುತ್ತ ಮೂರು ದುಂಡನೆಯ ಸಣ್ಣ ತಗ್ಗುಗಳು ಇರುತ್ತವೆ. ಅವು ಒತ್ತುಯಂತ್ರ ಬಿಟ್ಟ ಗುರುತು. ದೀಪದ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ, ಬೆರಳಿಗೂ ಸಿಗುತ್ತವೆ. ನಕಲಿಯಲ್ಲಿ ಸಾಮಾನ್ಯವಾಗಿ ಲೇಬಲ್ ನುಣುಪಾಗಿರುತ್ತದೆ. ಲೇಬಲ್ಲಿನ ಹಳದಿ ಅತಿಯಾಗಿ ಹೊಳೆಯುತ್ತಿದ್ದರೆ, ಕೋಳಿಹುಂಜದ ಚಿತ್ರದ ಗೆರೆಗಳು ಮಸುಕಾಗಿದ್ದರೆ ಅನುಮಾನಿಸಿ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದ ಅಸಲಿ ಡಿಸ್ಕುಗಳೂ ಉಂಟು. ಅವುಗಳಲ್ಲಿ ಈ ತಗ್ಗು ಹುಡುಕಬೇಡಿ, ಲೇಬಲ್ ಪಕ್ಕದ ಖಾಲಿ ಅಂಚಿನಲ್ಲಿ ಕೈಯಿಂದ ಕೊರೆದ ಸಣ್ಣ ತ್ರಿಕೋನ ಮತ್ತು ಅದರ ಮುಂದಿನ ಅಂಕಿ ನೋಡಿ. ರೀಟಾದ ಬ್ಲೂಸ್ ಡಿಸ್ಕ್ ಬೇಕಿದ್ದರೆ ಮಾರುವವರ ಪಟ್ಟಿಯಲ್ಲಿ ರೈಲಿ ಎಂದು ಹುಡುಕಬೇಡಿ, ಲೈಟ್ನಿಂಗ್ ಲಿಯಾನ್ ಎಂದು ಹುಡುಕಿ.